ನಾಲ್ಕೂವರೆ ತಾಸು ನನ್ನ ದಿನಚರಿಯೊಳಗಿದ್ದ ಕಾಗದ

ಮಾನ್ಯ ಆಸ್ಪತ್ರೆ ಅಧೀಕ್ಷಕರೇ,

ಈಗ ಸಂಜೆ ಆರು ಗಂಟೆ ಇಪ್ಪತ್ತು ನಿಮಿಷ. ಬೆಳಿಗ್ಗೆ ನಿಮ್ಮ ಕಚೇರಿಯ ಜವಾನ ದಿಲ್‌ಸುಖ್‌ನಗರದ ನಮ್ಮ ತಗಡಿನ ಶೆಡ್ಡಿಗೆ ಬಂದು ಒಂದು ಲಕೋಟೆ ಕೊಟ್ಟು ಹೋದ. ಮಧ್ಯಾಹ್ನ ಕಾಚಿಗೂಡಕ್ಕೆ ಹೋಗಿ, ಸ್ಟೇಷನ್ ಎದುರಿನ ಲಾಡ್ಜಿನ ಮ್ಯಾನೇಜರ್ ಕಾಶಿನಾಥ ಅವರಿಂದ ಅದನ್ನು ಓದಿಸಿಕೊಂಡು ಬಂದೆ. ನಾನು ಏಳನೆಯ ತರಗತಿಯವರೆಗೆ ಕಲಿತವಳು. ಕನ್ನಡ ಓದುತ್ತೇನೆ, ಬರೆಯುತ್ತೇನೆ. ತೆಲುಗು ಮಾತಾಡುತ್ತೇನೆ. ಇಂಗ್ಲಿಷಿನಲ್ಲಿ ಅಂಕಿಗಳು ಮಾತ್ರ ಗೊತ್ತು. ಆ ಅಂಕಿಗಳೇ ನನ್ನನ್ನು ಇಲ್ಲಿಗೆ ತಂದು ನಿಲ್ಲಿಸಿವೆ.

ನಿಮ್ಮ ಕಾಗದದಲ್ಲಿ ಎರಡು ಮಾತುಗಳಿವೆ. ನನ್ನ ಗಂಡ ಗೊಲ್ಲಾಳಪ್ಪನ ರಕ್ತಪರೀಕ್ಷೆಯ ವರದಿಯನ್ನು ರೋಗಿಯ ಕಡೆಯವರು ಸಕಾಲಕ್ಕೆ ತೋರಿಸದ ಕಾರಣ ಚಿಕಿತ್ಸೆ ತಡವಾಯಿತು ಎಂಬುದು ಮೊದಲನೆಯದು. ಆ ವರದಿಯ ಅಂಕಿಗಳನ್ನು ನೋಡಿದರೆ ರೋಗಿ ಬದುಕುವ ಸಂಭವ ಮೊದಲಿನಿಂದಲೂ ಬಹಳ ಕಡಿಮೆ ಇತ್ತು ಎಂಬುದು ಎರಡನೆಯದು. ಕೆಳಗೆ ನನ್ನ ಸಹಿಗೆ ಗೆರೆ ಎಳೆದಿದ್ದೀರಿ. ಸಹಿ ಹಾಕಿದರೆ, ನಿಮ್ಮ ವೈದ್ಯರನ್ನು ಹೊಡೆದು ಜೈಲಿನಲ್ಲಿರುವ ನನ್ನ ಮೈದುನ ಅಂಬಾದಾಸನ ವಿಷಯದಲ್ಲಿ "ಮೃದು ಧೋರಣೆಯನ್ನು ಪರಿಶೀಲಿಸಲಾಗುವುದು" ಎಂದಿದ್ದೀರಿ.

ಮಾನ್ಯರೇ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ಅವರು ಹೇಗಿದ್ದರೂ ಸಾಯುವವರಾಗಿದ್ದರೆ ನಾನು ಹೇಗೆ ಕೊಂದೆ? ನಾನು ಕೊಂದಿದ್ದರೆ, ಅವರು ಬದುಕುವವರಾಗಿದ್ದರು ಎಂದಲ್ಲವೇ ಅರ್ಥ? ಒಬ್ಬನನ್ನು ಎರಡು ಸಲ ಕಡಿದ ಕತ್ತಿಯನ್ನು ಒಮ್ಮೆ ವಿಧಿಯ ಕೈಗೆ, ಒಮ್ಮೆ ನನ್ನ ಕೈಗೆ ಕೊಟ್ಟಿದ್ದೀರಿ, ನಿಮ್ಮ ಕೈಗೆ ಒಮ್ಮೆಯೂ ಇಲ್ಲ.

ನಾನು ಹೆಚ್ಚು ಮಾತಿನವಳಲ್ಲ. ನಮ್ಮದು ಸುರಪುರ ತಾಲೂಕು. ಮದುವೆಯಾದ ವರ್ಷವೇ ಹೈದರಾಬಾದಿಗೆ ಬಂದೆವು. ಒಂದು ಕಟ್ಟಡ ಮುಗಿದರೆ ಇನ್ನೊಂದು, ಶೆಡ್ಡು ಬಿಚ್ಚುವುದು, ಶೆಡ್ಡು ಕಟ್ಟುವುದು. ಯಾವ ದಿನ ಎಲ್ಲಿದ್ದೆವು ಎಂಬುದು ಮರೆಯಬಾರದೆಂದು ದಿನಕ್ಕೆ ನಾಲ್ಕು ಸಾಲು ಬರೆದಿಡುವ ರೂಢಿ ಮಾಡಿಕೊಂಡೆ. ಗಂಟೆ, ನಿಮಿಷ ಸಮೇತ ಬರೆಯುತ್ತೇನೆ. ಇವರು ನಗುತ್ತಿದ್ದರು, "ಹಂಪೀ, ನೀ ಸರ್ಕಾರ ಆಗಬೇಕಿತ್ತು ನೋಡು" ಎನ್ನುತ್ತಿದ್ದರು. ಸರ್ಕಾರ ಹೀಗೆ ಬರೆದಿಡುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ.

ಇವರದು ಸೆಂಟ್ರಿಂಗ್ ಕೆಲಸ. ಸಿಮೆಂಟು ಸುರಿಯಲು ಹಲಗೆ ಕಟ್ಟುವುದು, ಒಣಗಿದ ಮೇಲೆ ಕಿತ್ತೆಸೆಯುವುದು. ಆ ಸೋಮವಾರ ಕಿತ್ತೆಸೆದ ಹಲಗೆಯ ಮೊಳೆ ಇವರ ಬಲಗಾಲಿನ ಅಂಗಾಲಿಗೆ ಹೊಕ್ಕಿತು. ತಾವೇ ಎಳೆದು ತೆಗೆದರು. ಓಣಿಯ ಡಾಕ್ಟರು ಒಂದು ಚುಚ್ಚುಮದ್ದು ಕೊಟ್ಟರು. ಬುಧವಾರ ಚಳಿಜ್ವರ. ಗುರುವಾರ ಬೆಳಿಗ್ಗೆ ನೋಡಿದರೆ ಮೊಣಕಾಲಿನ ತನಕ ಕಾಲು ಊದಿ, ಚರ್ಮದ ಬಣ್ಣ ಸುಟ್ಟ ಬದನೆಕಾಯಿಯಂತಾಗಿತ್ತು. ಬೊಬ್ಬೆಗಳು ಎದ್ದಿದ್ದವು. ಒಂದು ಒಡೆದು, ಅದರ ನೀರಿನ ವಾಸನೆಗೆ ಆಟೋದವನು ಎರಡು ಸಲ ತಿರುಗಿ ನೋಡಿದ. ಆ ವಾಸನೆ ಇನ್ನೂ ನನ್ನ ಹಸಿರು ಸೀರೆಯಲ್ಲಿದೆ. ಆರು ಸಲ ಒಗೆದಿದ್ದೇನೆ.

ನಿಮ್ಮ ಆಸ್ಪತ್ರೆಯ ಬಾಗಿಲಿಗೆ ಬಂದಾಗ ಎಂಟು ನಲವತ್ತು. ತುರ್ತು ವಾರ್ಡಿನಲ್ಲಿ ಒಬ್ಬ ಡಾಕ್ಟರಮ್ಮ ಸಲೈನ್ ಹಾಕಿ, ಯಾವುದೋ ಇಂಜೆಕ್ಷನ್ ಕೊಟ್ಟು, ಒಂಬತ್ತು ಇಪ್ಪತ್ತಕ್ಕೆ ರಕ್ತ ತೆಗೆದರು. ಟ್ಯೂಬನ್ನು ಮಂಜುಗಡ್ಡೆಯ ಡಬ್ಬಿಯಲ್ಲಿ ಇಟ್ಟು ನನ್ನ ಕೈಗೆ ಕೊಟ್ಟರು. ನಿಮ್ಮಲ್ಲಿ ರಕ್ತವನ್ನು ಒಯ್ಯುವುದು ರೋಗಿಯ ಹೆಂಡತಿಯ ಕೆಲಸ. ಅಂಗಳ ದಾಟಿ, ಎರಡನೆಯ ಕಟ್ಟಡದ ನೆಲಮಾಳಿಗೆಯ ಕಿಟಕಿಗೆ ಒಯ್ದು ಕೊಟ್ಟೆ. ಅಲ್ಲೇ ನಿಂತಿದ್ದೆ. ಹನ್ನೊಂದು ಹತ್ತಕ್ಕೆ ಕಾಗದ ಬಂತು. ಕಿಟಕಿಯವನು ಹೇಳಿದ್ದು ಒಂದೇ ಮಾತು: "ಭದ್ರಂಗಾ ಪೆಟ್ಟುಕೋ ಅಮ್ಮಾ, ಡಾಕ್ಟರ್ ಅಡಿಗಿತೇ ಚೂಪಿಂಚು." ಭದ್ರವಾಗಿ ಇಟ್ಟುಕೋ, ಡಾಕ್ಟರು ಕೇಳಿದರೆ ತೋರಿಸು.

ಮಾನ್ಯರೇ, ಭದ್ರವಾಗಿ ಇಡುವುದನ್ನು ನಮಗೆ ಹೇಳಿಕೊಡಬೇಕಾಗಿಲ್ಲ. ಗುಳೆ ಬಂದವರಿಗೆ ಕಾಗದವೇ ಮೈ. ಒಮ್ಮೆ ಇವರ ಕಾರ್ಮಿಕ ಕಾರ್ಡು ಮಳೆಯಲ್ಲಿ ನೆನೆದು ಹಾಳಾದದ್ದಕ್ಕೆ ಏಳು ತಿಂಗಳು ಕಚೇರಿ ಸುತ್ತಿದ್ದೇವೆ. ನಿಮ್ಮಲ್ಲೇ ಹೊರರೋಗಿ ಚೀಟಿ ಕಳೆದುಕೊಂಡವಳೊಬ್ಬಳನ್ನು ಮತ್ತೆ ಸಾಲಿನ ತುದಿಗೆ ಕಳಿಸಿದ್ದನ್ನು ಆ ದಿನವೇ ಕಂಡಿದ್ದೆ. ಹಾಗಾಗಿ ಆ ವರದಿ ಮಡಚಬಾರದು, ಮುದುಡಬಾರದು, ಬೆವರು ತಾಗಬಾರದು ಎಂದು ದಿನಚರಿಯ ನಡುವೆ ಇಟ್ಟು, ದಿನಚರಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಚೀಲವನ್ನು ತೊಡೆಯ ಕೆಳಗೆ ಇಟ್ಟುಕೊಂಡು ಗಂಡನ ಮಂಚದ ಪಕ್ಕ ಕುಳಿತೆ. ಕೇಳಿದರೆ ತೋರಿಸೋಣವೆಂದು. ಕೇಳಲಿಲ್ಲ.

ಅದನ್ನು ನಾನು ಓದಲಿಲ್ಲ ಎಂದು ತಿಳಿಯಬೇಡಿ. ಅಂಕಿ ಬರುತ್ತದೆ ಎಂದೆನಲ್ಲ. 7.1 ಎಂದಿತ್ತು. ಮಗಳು ಹೊಟ್ಟೆಯಲ್ಲಿದ್ದಾಗ ಅಂಗನವಾಡಿಯಲ್ಲಿ ನನ್ನ ರಕ್ತ ನೋಡಿ, ಏಳೇ ಇದೆ ಎಂದು ಬೈದು ಕೆಂಪು ಗುಳಿಗೆ ಕೊಟ್ಟಿದ್ದರು. ನಾನು ಉಳಿದೆ, ಮಗಳೂ ಉಳಿದಳು. ಆ ದಿನದ ನನ್ನ ದಿನಚರಿಯಲ್ಲಿ ಹೀಗಿದೆ: "11-10 ಕಾಗದ ಬಂತು. ಇವರಿಗೂ ರಕ್ತ ಏಳು. ನನಗೂ ಏಳೇ ಇತ್ತು. ಗಾಬರಿ ಇಲ್ಲ." ಹೊರಗೆ ಹೋಗಿ ದಾಳಿಂಬೆ ತಂದು, ಬಿಡಿಸಿ, ಒಂದೊಂದೇ ಕಾಳು ಬಾಯಿಗೆ ಹಾಕಿದೆ. ಇವರು ಜಗಿಯಲಿಲ್ಲ. ಕಾಳುಗಳು ತುಟಿಯ ತುದಿಯಲ್ಲಿ ನಿಂತಿದ್ದವು.

ರಕ್ತ ತೆಗೆದ ಡಾಕ್ಟರಮ್ಮನ ಪಾಳಿ ಹತ್ತು ಗಂಟೆಗೆ ಮುಗಿದಿತ್ತು. ಅನಂತರ ಬಂದವರು ಡಾಕ್ಟರ್ ವೈಭವ. ಅವರೊಬ್ಬರಿಗೆ ನಲವತ್ತಮೂರು ಮಂಚ. ಇವರ ಹಾಳೆಯಲ್ಲಿ ವರದಿ ಬರಬೇಕಾಗಿದೆ ಎಂದು ಬರೆದಿತ್ತಂತೆ. ಬರಬೇಕಾದದ್ದು ಎರಡು ಮೊಳದ ದೂರದಲ್ಲಿ ನನ್ನ ತೊಡೆಯ ಕೆಳಗಿತ್ತು. ಮೂರು ನಲವತ್ತಕ್ಕೆ ಇವರು ಕಣ್ಣು ಬಿಟ್ಟು, "ಹಂಪೀ, ಕಾಲು ಐತೇನು ನೋಡು" ಎಂದರು. ಐತಿ ಎಂದೆ. ಪಕ್ಕದ ಮಂಚದ ಹತ್ತಿರ ಬಗ್ಗಿದ್ದ ಡಾಕ್ಟರು ತಿರುಗಿದರು.

"ಯಾವೂರ್ರಿ ಅಕ್ಕಾರ? ನಮ್ದು ಬೀದರ."

ಏಳು ತಾಸಿನಲ್ಲಿ ಯಾರೋ ನನ್ನನ್ನು ಕನ್ನಡದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಊರು ಹೇಳಿದೆ. ಅವರು ಇವರ ಕೈ ಹಿಡಿದು ನಾಡಿ ನೋಡುತ್ತಾ, ರಕ್ತದ ಕಾಗದ ಇನ್ನೂ ಬಂದಿಲ್ಲವೇ ಎಂದು ಕೇಳಿದರು. ನಾನು ಹೆಮ್ಮೆಯಿಂದ ಚೀಲ ಬಿಚ್ಚಿದೆ. ಹೌದು ಮಾನ್ಯರೇ, ಹೆಮ್ಮೆಯಿಂದ. ಒಂದು ಗೆರೆಯೂ ಬೀಳದ ಹಾಗೆ ಕಾದಿಟ್ಟಿದ್ದೆ.

ಅವರು ನೋಡಿದರು. "ಯಾವಾಗ ಬಂತ್ರಿ ಇದು?" ಎಂದರು. ನಾನು ದಿನಚರಿ ನೋಡಿ, ಹನ್ನೊಂದು ಹತ್ತಕ್ಕೆ ಎಂದೆ. ಅವರ ಮುಖದಲ್ಲಿ ಆಗ ಆದದ್ದನ್ನು ನಾನು ಬರೆಯಲಾರೆ. ಅವರು ಓಡಿದರು. ಒಂದು ಚಪ್ಪಲಿ ಮಂಚದ ಕೆಳಗೇ ಉಳಿಯಿತು.

ಅಲ್ಲಿಂದ ಮುಂದೆ ನಿಮ್ಮ ಆಸ್ಪತ್ರೆಗೆ ಏನೇನು ಬರುತ್ತದೆ ಎಂಬುದನ್ನು ಕಂಡೆ. ಎರಡು ಕೈಗೂ ಸೂಜಿ, ಕುತ್ತಿಗೆಗೆ ಸೂಜಿ, ನಾಲ್ವರು ಡಾಕ್ಟರು, ಯಂತ್ರ, ದೊಡ್ಡ ಔಷಧ. ಕಾಲನ್ನು ಪಾದದಿಂದ ಮೊಣಕಾಲಿನ ತನಕ ಸೀಳಿದರು. ಪರದೆ ಸಂದಿಯಿಂದ ನೋಡಿದೆ. ಒಳಗೆ ಮಾಂಸ ಇರಲಿಲ್ಲ, ಬಟ್ಟೆ ತೊಳೆದ ನೀರಿನಂಥದ್ದು ಇತ್ತು. ಇದೆಲ್ಲ ನಿಮ್ಮಲ್ಲಿ ಇತ್ತಲ್ಲ ಮಾನ್ಯರೇ? ಹನ್ನೊಂದು ಹತ್ತಕ್ಕೂ ಇತ್ತಲ್ಲ? ಆರು ಇಪ್ಪತ್ತಕ್ಕೆ ಇವರು ಹೋದರು.

ಇನ್ನು ಹೊಡೆದಾಟದ ವಿಷಯ. ನಿಮ್ಮ ಕಾಗದದಲ್ಲಿ ಅದು ಒಂದು ಸಾಲು. ನಾನು ಅಲ್ಲಿದ್ದೆ, ಪೂರ್ತಿ ಹೇಳುತ್ತೇನೆ.

ಅಂಬಾದಾಸ ಕೆಲಸದ ಜಾಗದಿಂದ ಸಿಮೆಂಟಿನ ಮೈಯಲ್ಲೇ ಬಂದ. ಅಣ್ಣನ ಮುಖದ ಮೇಲಿನ ಬಟ್ಟೆ ಸರಿಸಿ ನೋಡಿದ. ಏನಾಯಿತು ಎಂದು ಕೇಳಿದ. ನಾನು ಸುಳ್ಳು ಹೇಳುವುದನ್ನು ಕಲಿತಿರಲಿಲ್ಲ. ಕಾಗದ ನನ್ನ ಹತ್ತಿರವೇ ಇತ್ತು ಎಂದೆ.

"ನಿನ್ ಹತ್ರ ಇತ್ತಾ ಅತ್ತಿಗಿ? ನಮ್ಮಣ್ಣ ಸಾಯಾಕತ್ತಿದ್ದ, ನೀ ಪುಸ್ತಕದಾಗ ಇಟ್ಟು ಕುಂತಿದ್ದಿ?"

ಹದಿಮೂರು ವರ್ಷದಲ್ಲಿ ನನ್ನ ಮುಂದೆ ದನಿ ಎತ್ತದವನು ನನ್ನ ಕೆನ್ನೆಗೆ ಹೊಡೆದ. ಗೋಡೆಗೆ ಬಿದ್ದೆ. ಎರಡನೆಯ ಏಟಿಗೆ ಕೈ ಎತ್ತಿದಾಗ ಡಾಕ್ಟರ್ ವೈಭವ ನಡುವೆ ಬಂದರು. ಒಂದೇ ಚಪ್ಪಲಿಯಲ್ಲಿ.

"ಅವರನ್ನ ಹೊಡೀಬ್ಯಾಡ್ರಿ. ಅವರ ತಪ್ಪಲ್ಲ ಇದು."

"ಮತ್ತ ಯಾರದು? ನಿಂದಾ?"

ನಿಮ್ಮ ಹಾಗೆ ತಟ್ಟನೆ ಇನ್ನೊಬ್ಬರ ಹೆಸರು ಹೇಳಲು ಡಾಕ್ಟರಿಗೆ ಬರಲಿಲ್ಲ. ಅವರು ಯೋಚಿಸುತ್ತಿದ್ದರು, ನಿಜವಾಗಿಯೂ ಯಾರದು ಎಂದು. ಅಷ್ಟರಲ್ಲಿ ಅಂಬಾದಾಸ ಸಲೈನ್ ಬಾಟಲಿ ತೂಗುಹಾಕುವ ಕಬ್ಬಿಣದ ಕಂಬವನ್ನು ಎತ್ತಿ ಅವರ ಮುಖಕ್ಕೆ ಬೀಸಿದ. ಹಲಗೆ ಕೀಳುವಾಗ ಬರುವಂಥದೇ ಸದ್ದು. ಎರಡನೆಯದು ಭುಜಕ್ಕೆ. ಮೂರನೆಯದು ಕೆಳಗೆ ಬಿದ್ದ ಮೇಲೆ. ಎರಡು ಹಲ್ಲು ನನ್ನ ಪಾದದ ಹತ್ತಿರ ಬಂದು ಬಿದ್ದವು. ದಾಳಿಂಬೆ ಕಾಳುಗಳೂ ಅಲ್ಲೇ ಇದ್ದವು.

ಈಗ ಯಾರಿಗೂ ಹೇಳದ ಒಂದು ಮಾತನ್ನು ಬಹಿರಂಗವಾಗಿ ಹೇಳುತ್ತೇನೆ. ಮೊದಲನೆಯ ಏಟಿಗೆ ನಾನು ತಡೆಯಲಿಲ್ಲ. ಅದು ಬಿದ್ದಾಗ ನನ್ನ ಎದೆಯೊಳಗೆ ಏನೋ ತಣ್ಣಗಾಯಿತು. ಯಾರಿಗಾದರೂ ಬೀಳಬೇಕಿತ್ತು, ಬಿತ್ತು ಎನಿಸಿತು. ಎರಡನೆಯ ಏಟಿಗೂ ಅಷ್ಟೇ. ಮೂರನೆಯದಕ್ಕೆ ಅವನ ಕಾಲು ಹಿಡಿದೆ. ನನ್ನನ್ನು ಉಳಿಸಲು ಬಂದವರು, ಏಳು ತಾಸಿನಲ್ಲಿ ನನ್ನನ್ನು ಕನ್ನಡದಲ್ಲಿ ಮಾತಾಡಿಸಿದ ಒಬ್ಬರೇ ಒಬ್ಬರು. ಅವರಿಗೆ ಬಿದ್ದ ಎರಡು ಏಟುಗಳಲ್ಲಿ ನನ್ನದೂ ಪಾಲಿದೆ. ಇದಕ್ಕೆ ಸಹಿ ಬೇಕೆಂದರೆ ಈಗಲೇ ತೆಗೆದುಕೊಳ್ಳಿ.

ಆಮೇಲೆ ನಿಮ್ಮ ಕಾವಲುಗಾರರು ಬಂದರು. ನಾಲ್ವರು ಅಂಬಾದಾಸನನ್ನು ಲಿಫ್ಟಿನ ಪಕ್ಕದ ಮೆಟ್ಟಿಲ ತನಕ ಎಳೆದೊಯ್ದು, ಅವನು ಕಂಬ ಕೆಳಗಿಟ್ಟು ಕೈ ಮುಗಿದ ಮೇಲೂ ಲಾಠಿಯಿಂದ ಹೊಡೆದರು. ಬಲಗೈಯ ಮೂರು ಬೆರಳು ಮುರಿದವು. ಮೆಟ್ಟಿಲ ಮೇಲೆ ತಲೆಯ ರಕ್ತ ಹರಿಯಿತು. ಆ ರಕ್ತವನ್ನು ಯಾವ ಪರೀಕ್ಷೆಗೂ ಯಾರೂ ಕಳಿಸಲಿಲ್ಲ. ಒಬ್ಬ ಆಯಾ ಬಂದು ಒರೆಸಿದಳು.

ಎರಡು ದಿನ ಡಾಕ್ಟರುಗಳ ಮುಷ್ಕರ ನಡೆಯಿತು. ಅವರು ಕೂಗಿದ್ದರಲ್ಲಿ ತಪ್ಪೇನೂ ಇಲ್ಲ, ಅವರ ಪೈಕಿ ಒಬ್ಬರ ದವಡೆ ಮುರಿದಿತ್ತು. ನೀವು ಟಿವಿಯಲ್ಲಿ ಬಂದು ಕಟ್ಟುನಿಟ್ಟಿನ ಕ್ರಮ ಎಂದಿರಿ. ಕ್ರಮ ಆಯಿತು. ತುರ್ತು ವಾರ್ಡಿಗೆ ಕಬ್ಬಿಣದ ಜಾಲರಿ ಬಂತು, ಕ್ಯಾಮೆರಾ ಬಂತು, ಹನ್ನೆರಡು ಹೊಸ ಲಾಠಿ ಬಂದವು. ಬಹಳ ಸಂತೋಷ. ಇನ್ನು ಮುಂದೆ ನಮ್ಮವರು ಸತ್ತ ಮೇಲೆ ನಾವು ಹೊಡೆಯದಂತೆ ನೋಡಿಕೊಳ್ಳುತ್ತೀರಿ. ಸಾಯುವ ಮೊದಲಿನ ವ್ಯವಸ್ಥೆ ಏನು?

ಒಂಬತ್ತನೆಯ ದಿನ ಡಾಕ್ಟರ್ ವೈಭವ ಅವರನ್ನು ನೋಡಲು ಹೋದೆ. ಬಾಗಿಲಲ್ಲಿ ಯಾರೆಂದು ಕೇಳಿದರು, ಅಕ್ಕ ಎಂದೆ. ನನ್ನ ಮೊದಲ ಸುಳ್ಳು ಅದು. ದವಡೆಗೆ ತಂತಿ ಕಟ್ಟಿದ್ದರು, ಬಾಯಿ ತೆರೆಯುವಂತಿರಲಿಲ್ಲ. ನಾನು ಕಾಲ ಬಳಿ ನಿಂತು ಅತ್ತೆ. ಅವರು ಕೈ ಚಾಚಿದರು. ಏನು ಬೇಕೋ ತಿಳಿಯದೆ ದಿನಚರಿ, ಪೆನ್ನು ಕೊಟ್ಟೆ. ನನಗೆ ಇವತ್ತು ಗೊತ್ತಿರುವುದೆಲ್ಲ ಅವರು ಬರೆದು ತಿಳಿಸಿದ್ದು. 7.1 ಎಂಬುದು ರಕ್ತದ ಪ್ರಮಾಣವಲ್ಲ, ಲ್ಯಾಕ್ಟೇಟ್ ಎಂಬ ಹುಳಿ. ನಂಜು ಮೈಗೆಲ್ಲ ಏರಿ, ಒಳಗಿನ ಅಂಗಗಳಿಗೆ ಉಸಿರು ಸಾಲದಾದಾಗ ರಕ್ತದಲ್ಲಿ ಅದು ಏರುತ್ತದೆ. ಎರಡರ ಒಳಗೆ ಇರಬೇಕು. ಅದರ ಕೆಳಗಿನ ಸಾಲಿನಲ್ಲಿ 48 ಎಂದಿದ್ದದ್ದು ಪ್ರೊಕ್ಯಾಲ್ಸಿಟೋನಿನ್, ಕ್ರಿಮಿಗಳ ಹಾವಳಿ ಎಷ್ಟೆಂದು ಹೇಳುವಂಥದ್ದು. ಅದು ಒಂದರ ಅರ್ಧವೂ ಇರಬಾರದು. ಎರಡೆರಡು ತಾಸಿಗೆ ಮತ್ತೆ ನೋಡಬೇಕು, ಹುಳಿ ಇಳಿದರೆ ರೋಗಿ ಉಳಿಯುವ ದಾರಿಯಲ್ಲಿದ್ದಾನೆ, ಏರಿದರೆ ಔಷಧ ಸಾಲದು ಎಂದು ತಿಳಿಯಬೇಕು.

ಹಾಗಾದರೆ ಆ ಅಂಕಿ ಬಂದಾಗಲೇ ಇವರ ಸಾವು ಬರೆದಾಗಿತ್ತೇ ಎಂದು ಕೇಳಿದೆ. ಅವರು ಬರೆದದ್ದು ಇದು, ಅವರ ಅಕ್ಷರದಲ್ಲೇ ನನ್ನ ಹತ್ತಿರ ಇದೆ:

"ಹತ್ತು ಮಂದಿಯೊಳಗ ನಾಕು ಮಂದಿ ಹೋಗತಾರ್ರಿ ಅಕ್ಕಾರ, ಏನು ಮಾಡಿದ್ರೂ. ಆರು ಮಂದಿ ಉಳೀತಾರ, ಲಗೂ ಹಿಡದ್ರ. ನಿಮ್ಮವರು ಯಾವುದರಾಗ ಇದ್ದರೋ ನನಗ ಗೊತ್ತಿಲ್ಲ. ಆ ಅಂಕಿ ಸಾಯ್ತಾನ ಅಂತ ಹೇಳೂದಿಲ್ಲ. ಓಡ್ರಿ ಅಂತ ಹೇಳತೈತಿ."

ಮಾನ್ಯರೇ, ಇದನ್ನು ಎರಡು ಸಲ ಓದಿ. ಮುಂದೆ ಏನಾಗಬಹುದು ಎಂದು ಮೊದಲೇ ಹೇಳುವ ಪರೀಕ್ಷೆಯನ್ನು ಜಾಣರು ಕಂಡುಹಿಡಿದದ್ದು ಮೊದಲೇ ಓಡಲಿ ಎಂದು. ನೀವು ಅದನ್ನು ಸತ್ತ ಮೇಲೆ ತೆಗೆದು, ನೋಡಿ, ಸಾಯುತ್ತಾನೆ ಎಂದು ಮೊದಲೇ ಬರೆದಿತ್ತು ಎಂದು ತೋರಿಸುತ್ತಿದ್ದೀರಿ. ಬೆಂಕಿಯ ಗಂಟೆಯನ್ನು ಬಡಿಯದೆ ಇಟ್ಟುಕೊಂಡು, ಮನೆ ಬೂದಿಯಾದ ಮೇಲೆ ಗಂಟೆಯ ದನಿ ಎಷ್ಟು ಗಟ್ಟಿ ಎಂದು ಹೊಗಳಿದಂತಾಯಿತು.

ಆ ಕಿಟಕಿಯಲ್ಲಿ ಒಂದು ಫೋನಿದೆ. ಕಪ್ಪು ಬಣ್ಣದ್ದು, ಮೇಲೆ ಹೂವಿನ ಬಟ್ಟೆ ಹೊದಿಸಿದ್ದಾರೆ. ಒಂದೂವರೆ ತಾಸು ಅದರ ಮುಂದೆಯೇ ನಿಂತಿದ್ದೆನಲ್ಲ, ಎರಡು ಸಲ ಅದನ್ನು ಎತ್ತಿದ್ದನ್ನು ನೋಡಿದೆ. ಎರಡೂ ಸಲ ಚಹಾಕ್ಕೆ. ನಾಲ್ಕು ನಿಮಿಷದಲ್ಲಿ ಚಹಾ ಬಂತು, ಬಿಸಿಯಾಗಿತ್ತು. ಚಹಾಕ್ಕೆ ಓಡುವ ಫೋನು 7.1ಕ್ಕೆ ಯಾಕೆ ಓಡಲಿಲ್ಲ? ಆ ಅಂಕಿಯ ಅರ್ಥ ಬಲ್ಲ ಜನ ಕಿಟಕಿಯ ಒಳಗಿದ್ದರು, ವಾರ್ಡಿನಲ್ಲಿಯೂ ಇದ್ದರು. ಇಬ್ಬರ ನಡುವೆ ಅರ್ಥ ಗೊತ್ತಿಲ್ಲದ ಒಬ್ಬಳನ್ನೇ ಆರಿಸಿ ಅಂಚೆಯವಳನ್ನಾಗಿ ಮಾಡಿದಿರಿ. ಸಂಬಳ ಕೊಡಲಿಲ್ಲ, ಕೆಲಸ ಹೇಳಿಕೊಡಲಿಲ್ಲ. ಈಗ ಕೆಲಸ ಸರಿಯಾಗಿ ಮಾಡಲಿಲ್ಲವೆಂದು ನೋಟಿಸು ಕೊಟ್ಟಿದ್ದೀರಿ. ಆ ಫೋನನ್ನು ಕಿತ್ತು ನೆಲಕ್ಕೆ ಅಪ್ಪಳಿಸಬೇಕು, ಅದರ ತಂತಿಯನ್ನು ಯಾರದಾದರೂ ಕುತ್ತಿಗೆಗೆ ಸುತ್ತಬೇಕು ಎಂದು ನನಗೆ ಇಪ್ಪತ್ತು ದಿನಗಳಿಂದ ಅನಿಸುತ್ತಿದೆ. ಅಂಬಾದಾಸ ತಪ್ಪು ಮನುಷ್ಯನನ್ನು ಹೊಡೆದ. ಸರಿಯಾದ ಮನುಷ್ಯನನ್ನು ಹುಡುಕುತ್ತಾ ನಾನು ಇಷ್ಟು ದಿನ ಮನಸ್ಸಿನಲ್ಲೇ ನಿಮ್ಮ ಕಟ್ಟಡದ ಬಾಗಿಲು ಬಾಗಿಲು ಒಡೆದಿದ್ದೇನೆ. ಪ್ರತಿ ಕೋಣೆಯಲ್ಲೂ ಒಂದು ಖಾಲಿ ಕುರ್ಚಿ ಮಾತ್ರ ಸಿಗುತ್ತದೆ. ನಿಜವಾಗಿ ನಾನು ಕೈ ಎತ್ತುವುದಿಲ್ಲ. ಎತ್ತಿದ ಕೈ ಎಲ್ಲಿ ಬೀಳುತ್ತದೆ ಎಂದು ನೋಡಿದ್ದೇನೆ.

ಅಂಬಾದಾಸನ ಹೆಂಡತಿ ಭಾಗ್ಯಶ್ರೀ ಎಂಟು ತಿಂಗಳ ಬಸುರಿ. ಕಾಚಿಗೂಡದಿಂದ ಬಂದು ಕಾಗದದಲ್ಲಿ ಏನಿದೆ ಎಂದು ಹೇಳಿದಾಗ ಅವಳು ನನ್ನ ಎರಡೂ ಕೈ ಹಿಡಿದಳು.

"ಅಕ್ಕಾ, ಹೋದವರು ಹೋದರು. ಒಂದು ಸಹಿ ಐತಿ, ಹಾಕಿಬಿಡು. ತಪ್ಪು ನಿಂದು ಅಂತ ಬರದ್ರ ಭಾವ ಏನು ಎದ್ದು ಬಂದು ಬೈತಾರೇನು?"

ಅವಳು ಕೈ ಬಿಟ್ಟು ಗೋಡೆಯ ಕಡೆ ತಿರುಗಿ ಮಲಗಿದ್ದಾಳೆ. ಇದನ್ನು ಬರೆಯುತ್ತಿರುವಾಗಲೂ ಹಾಗೇ ಇದ್ದಾಳೆ. ಅವಳ ಮಗು ಅಪ್ಪನ ಮುಖ ಯಾವಾಗ ನೋಡುತ್ತದೆ ಎಂಬುದನ್ನು ನನ್ನ ಪೆನ್ನಿನ ತುದಿಗೆ ಕಟ್ಟಿದ್ದೀರಿ. ಲಾಠಿ ಹಿಡಿದವರು ಬೆರಳು ಮಾತ್ರ ಮುರಿದರು. ನಿಮ್ಮ ಗೆರೆ ಎಳೆದ ಕಾಗದದ ಏಟು ಅದಕ್ಕಿಂತ ಗಟ್ಟಿ.

ಅಂಬಾದಾಸನಿಗೆ ಕಾನೂನು ಕೊಡುವ ಶಿಕ್ಷೆ ಆಗಲಿ. ಅವನು ಮಾಡಿದ್ದು ತಪ್ಪು, ನ್ಯಾಯಾಲಯದಲ್ಲಿ ಕೇಳಿದರೆ ಮೂರು ಏಟನ್ನೂ ಎಣಿಸಿ ಹೇಳುತ್ತೇನೆ. ಲಾಠಿಯ ಏಟುಗಳನ್ನೂ ಹೇಳುತ್ತೇನೆ, ಆದರೆ ಅವುಗಳ ಲೆಕ್ಕ ನನಗೆ ತಪ್ಪಿಹೋಯಿತು. ನಾನು ನಿಮ್ಮಿಂದ ಕೇಳುವುದು ಇಷ್ಟೇ. ಇಂಥ ಅಂಕಿ ಬಂದ ಕೂಡಲೇ ಕಿಟಕಿಯಿಂದ ವಾರ್ಡಿಗೆ ಫೋನು ಹೋಗಬೇಕು. ಯಾರು ಮಾಡಿದರು, ಯಾರು ಕೇಳಿಸಿಕೊಂಡರು, ಎಷ್ಟು ಗಂಟೆಗೆ ಎಂದು ಎರಡೂ ಕಡೆ ಬರೆದಿಡಬೇಕು. ಬರೆಯಲು ಬರದಿದ್ದರೆ ಹೇಳಿಕೊಡಲು ನಾನು ಬರುತ್ತೇನೆ. ಮತ್ತೆ ನಿಮ್ಮ ಕಾಗದವನ್ನು ತಿದ್ದಿ: ಹನ್ನೊಂದು ಹತ್ತರಿಂದ ಮೂರು ನಲವತ್ತರವರೆಗೆ ವರದಿ ಹೆಂಡತಿಯ ಹತ್ತಿರ ಇತ್ತು, ಆ ನಾಲ್ಕೂವರೆ ತಾಸು ಆಸ್ಪತ್ರೆಯ ಯಾರೂ ಅದನ್ನು ಕೇಳಲಿಲ್ಲ. ಎರಡನ್ನೂ ಒಂದೇ ವಾಕ್ಯದಲ್ಲಿ ಬರೆಯಿರಿ. ಅದಕ್ಕೆ ಸಹಿ ಹಾಕುತ್ತೇನೆ. ಸಾಲದೆಂದರೆ ಹೆಬ್ಬೆಟ್ಟನ್ನೂ ಒತ್ತುತ್ತೇನೆ. ಅರ್ಧ ವಾಕ್ಯಕ್ಕೆ ಹಾಕುವುದಿಲ್ಲ.

ನಿಮಗೆ ಕನ್ನಡ ಬರುವುದಿಲ್ಲ ಎಂದು ಗೊತ್ತು. ಕಾಶಿನಾಥರು ಇದನ್ನು ತೆಲುಗಿನಲ್ಲಿ ಬರೆದು ನಿಮಗೆ ಕಳಿಸುತ್ತಾರೆ. ಕನ್ನಡದ್ದು ಪತ್ರಿಕೆಗೆ, ಕಾಚಿಗೂಡದಲ್ಲಿ ಗಂಟು ಹೊತ್ತು ಇಳಿಯುವ ನಮ್ಮ ಕಡೆಯವರಿಗೆ. ಅಣ್ಣಗಳಿರಾ, ಅಕ್ಕಗಳಿರಾ, ಆಸ್ಪತ್ರೆಯ ಕಿಟಕಿಯಲ್ಲಿ ಕೊಟ್ಟ ಕಾಗದವನ್ನು ಭದ್ರವಾಗಿ ಇಡಬೇಡಿ. ಕೈಯಲ್ಲಿ ಹಿಡಿದು ಓಡಿ. ಬಿಳಿ ಕೋಟು ಹಾಕಿದವರು ಯಾರು ಸಿಕ್ಕರೂ ಅವರ ಮುಖಕ್ಕೆ ಹಿಡಿಯಿರಿ. ಮುದುಡಲಿ, ಹರಿಯಲಿ, ಬೆವರಿನಲ್ಲಿ ತೊಯ್ಯಲಿ.

ನಾಳೆ ಗುರುವಾರ. ಸಹಿ ಹಾಕಲು ನಿಮ್ಮ ಕಚೇರಿಗೆ ನಾನು ಬರಬೇಕಾದದ್ದು ಹನ್ನೊಂದು ಗಂಟೆಗೆ. ಲ್ಯಾಬಿನ ಕಿಟಕಿ ಎಂಟಕ್ಕೆ ತೆರೆಯುತ್ತದೆ, ಸಾಲು ಅದಕ್ಕೂ ಮೊದಲೇ ನಿಂತಿರುತ್ತದೆ. ನಾನು ಏಳೂವರೆಯಿಂದಲೇ ಆ ಸಾಲಿನ ಹತ್ತಿರ ನಿಂತು ಇದನ್ನೇ ಹೇಳುತ್ತಿರುತ್ತೇನೆ.

ಇಂತಿ,
ಕಾಗದ ಮುದುಡದಂತೆ ಕಾದವಳು,
ಹಂಪಮ್ಮ, ಗಂಡ ದಿವಂಗತ ಗೊಲ್ಲಾಳಪ್ಪ